ಬಲೂನಲ್ಲಿ ಯಾವ ಲಿಪಿ ಬರೀಲಿ ಅನ್ನೋದೇ ದೊಡ್ಡ ತಲೆನೋವು

ನೀವು ಕೇಳಿದ್ರಲ್ಲ, ಕ್ರಿಶ್ಚಿಯನ್ ಆಗಿ ಕಾರವಾರದಂಥ ಗಡಿಯಲ್ಲಿ ಡ್ರಾಯಿಂಗ್ ಮಾಸ್ತರಿಕೆ ಮಾಡ್ಕೊಂಡು ಮೇಲಿಂದ ಕಾರ್ಟೂನೂ ಬರೀತೀರಿ, ಹೆದರಿಕೆ ಆಗಲ್ವಾ ಅಂತ. ಹೆದರೋಕೆ ಪುರಸೊತ್ತೆಲ್ಲಿ ಮಾರಾಯ್ರೆ. ಚೌತಿ ಬಂದ್ರೆ ಗಣಪತಿ ಮಂಟಪದ ಪರದೆ ನಾನೇ ಬರೀಬೇಕು, ಡಿಸೆಂಬರಲ್ಲಿ ಇಗರ್ಜಿಯ ಕ್ರಿಸ್‌ಮಸ್ ಗೋದಲಿ, ನಡುವೆ ಶಾಲೆ ಗ್ಯಾದರಿಂಗು, ಮಕ್ಕಳ ಲೋವರ್ ಗ್ರೇಡ್ ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ, ಯಾರದ್ದೋ ಗೋಡೆ ಮೇಲೆ 'ಇಲ್ಲಿ ಕಸ ಹಾಕಬೇಡಿ'. ಡ್ರಾಯಿಂಗ್ ಮಾಸ್ತರ ಅಂದ್ರೆ ಊರ ಪಾಲಿಗೆ ಬ್ರಷ್ ಹಿಡಿದ ಬಿಟ್ಟಿ ಆಳು, ಅಷ್ಟೇ.

ನಿಜವಾದ ಕಷ್ಟ ಬೇರೆ. ನಮ್ಮ ಮನೇಲಿ ಕೊಂಕಣಿ, ಶಾಲೇಲಿ ಕನ್ನಡ, ಅಜ್ಜ ಓದಿದ್ದು ಮರಾಠಿ. ಕೊಂಕಣಿ ನಾನು ಬರೆಯೋದು ಕನ್ನಡ ಅಕ್ಷರದಲ್ಲಿ, ಮಾಜಾಳಿ ಚೆಕ್‌ಪೋಸ್ಟ್ ದಾಟಿ ಗೋವಾದ ಪೋಳೆಂ ಮುಟ್ಟಿದ್ರೆ ಸೋದರತ್ತೆ ಮಗನಿಗೆ ಅದು ಓದೋಕೇ ಬರಲ್ಲ, ಅಲ್ಲಿ ಇಗರ್ಜಿ ಪುಸ್ತಕ ರೋಮಿ ಲಿಪಿ (ಅಂದ್ರೆ ಇಂಗ್ಲಿಷ್ ಅಕ್ಷರ), ಶಾಲೆ ಪುಸ್ತಕ ದೇವನಾಗರಿ. ಜೋಕು ಒಂದೇ, ಲಿಪಿ ಮೂರು. ಕಾರ್ಟೂನಲ್ಲಿ ಮಾತು ಬರೆಯೋ ಬಲೂನಲ್ಲಿ ಏನು ಬರೆದ್ರೂ ಅರ್ಧ ನೆಂಟರಿಗೆ ಮುಟ್ಟಲ್ಲ. ಅದಕ್ಕೇ ಬಲೂನ್ ಹಾಕೋದನ್ನೇ ಬಿಟ್ಟೆ.

ಈ ವಿಷಯಕ್ಕೆ ನಮಗೆ ಗುರು ಅಂದ್ರೆ ಗೋವಾದ ಕಾರ್ಟೂನಿಸ್ಟ್ ಮಾರಿಯೋ ಮಿರಾಂಡಾ. ಹುಟ್ಟಿದ್ದು 1926ರಲ್ಲಿ ದಮನ್‌ನಲ್ಲಿ, ಮನೆ ಮಡಗಾಂವ್ ಹತ್ರದ ಲೊಟಲಿಯಲ್ಲಿ, ಮೂಲದಲ್ಲಿ ಅವರದು ಸರ್ದೇಸಾಯಿ ಮನೆತನವಂತೆ. ಸಣ್ಣವರಿದ್ದಾಗ ಮನೆ ಗೋಡೆ ಎಲ್ಲಾ ಗೀಚಿ ಹಾಕ್ತಿದ್ರು, ತಡೆಯೋಕಾಗ್ದೆ ತಾಯಿ ಒಂದು ಖಾಲಿ ಪುಸ್ತಕ ತಂದುಕೊಟ್ರು. ಪಾದ್ರಿಗಳ ಚಿತ್ರ ಬರೆದು ಬೈಸ್ಕೊಂಡವರು ಬೇರೆ (ನಾನೂ ಬೈಸ್ಕೊಂಡಿದೀನಿ, ಮೂಗು ಸ್ವಲ್ಪ ಉದ್ದ ಆಗಿತ್ತು). ಓದಿದ್ದು ನಮ್ಮ ಬೆಂಗಳೂರಿನ ಸೇಂಟ್ ಜೋಸೆಫ್ಸಲ್ಲಿ, ಆಮೇಲೆ ಮುಂಬೈ ಸೇಂಟ್ ಝೇವಿಯರ್ಸಲ್ಲಿ ಇತಿಹಾಸ. ಚಿತ್ರಕಲೆ ಅಂತ ಶಾಲೇಲಿ ಕೂತು ಕಲಿತವರಲ್ಲ, ಇದನ್ನ ಡ್ರಾಯಿಂಗ್ ಮಾಸ್ತರನಾದ ನಾನು ಮಕ್ಕಳ ಮುಂದೆ ಹೇಳೋದು ಹೇಗೆ ಹೇಳಿ! ದಿನಾ ಡೈರಿಯಲ್ಲಿ ಊರನ್ನ ಬರೀತಿದ್ರು, ಮದುವೆ, ಬ್ಯಾಂಡಿನವರು, ಬೀದಿ ನಾಯಿ, ಕುಡುಕರು, ಯಾರನ್ನೂ ಬಿಟ್ಟಿಲ್ಲ. ಮುಂಬೈ ಪೇಪರಲ್ಲಿ ಮಿಸ್ ನಿಂಬೂಪಾನಿ, ಮಿಸ್ ಫೊನ್ಸೆಕಾ, ಮಂತ್ರಿ ಬಂಡಲ್‌ದಾಸ್ ಅಂತ ಅವರ ಕಾರ್ಟೂನ್ ಪಾತ್ರಗಳೆಲ್ಲ ಬಂದ್ರು, ಮಧ್ಯೆ ಪೋರ್ಚುಗಲ್, ಲಂಡನ್ ನೋಡ್ಕೊಂಡ್ ಬಂದ್ರು, ಕೊನೆಗೆ ಮತ್ತೆ ಲೊಟಲಿ ಮನೆಗೇ ವಾಪಸ್. 2011ರಲ್ಲಿ ತೀರ್ಕೊಂಡ್ರು, ಪದ್ಮವಿಭೂಷಣ ಬಂದಿದ್ದು ಅದಾದ ಮೇಲೆ. ಅವರ ಪೇಟೆ ಚಿತ್ರ ಒಂದು ನೋಡಿ, ನೂರು ಜನ ಇರ್ತಾರೆ, ಒಬ್ಬರಾದ್ರೂ ಮಾತಾಡ್ತಾರಾ? ಆದ್ರೂ ಗಲಾಟೆ ಕೇಳ್ಸುತ್ತೆ.

ಅಂಥದ್ದೊಂದು ಪ್ರಿಂಟ್ ಕ್ಲಾಸಿಗೆ ತಗೊಂಡು ಹೋಗ್ತೀನಿ. ಯಾಕಂದ್ರೆ ನಮ್ಮ ಮಕ್ಕಳಿಗೆ 'ಸೀನರಿ ಬರೀರಿ' ಅಂದ್ರೆ ಎರಡು ತ್ರಿಕೋನ ಗುಡ್ಡ, ನಡುವೆ ಸೂರ್ಯ, ಒಂದು ಗುಡಿಸಲು. ಕಿಟಕಿ ಆಚೆ ನಿಜವಾದ ಗುಡ್ಡ, ಸಮುದ್ರ, ದೋಣಿ ಎಲ್ಲಾ ಇದೆ, ತಲೆ ಎತ್ತಿ ನೋಡೋರಿಲ್ಲ! ಹಾಗಾಗಿ ಭಾನುವಾರ ಅಮ್ಮನ ಜೊತೆ ಮೀನು ಮಾರ್ಕೆಟ್ಟಿಗೆ ಹೋಗಿ ಬಂಗಡೆ ಚೌಕಾಸಿ ಮಾಡೋರ ಕೈ ಹೇಗೆ ಆಡುತ್ತೆ ನೋಡ್ಕೊಂಡು ಬನ್ನಿ ಅಂತೀನಿ. ಹತ್ತರಲ್ಲಿ ಇಬ್ಬರು ನೋಡಿ ಬರ್ತಾರೆ, ಉಳಿದವರು ಮತ್ತದೇ ತ್ರಿಕೋನ.

2024ರ ಆಗಸ್ಟಲ್ಲಿ ಕಾಳಿ ನದಿ ಹಳೇ ಸೇತುವೆ ಮಧ್ಯರಾತ್ರಿ ಬಿತ್ತಲ್ಲ, ಒಂದು ಲಾರೀನೂ ಜೊತೆಗೇ ನೀರಿಗೆ ಬಿದ್ದು ಡ್ರೈವರ್ ಬದುಕ್ಕೊಂಡ. ಆ ವಾರ ಏಳನೇ ಕ್ಲಾಸಿನ ಹುಡುಗ ಒಬ್ಬ ಬರ್ಕೊಂಡು ಬಂದ, ಮುರಿದ ಸೇತುವೆ, ಮುಳುಗಿದ ಲಾರಿ, ಅದರ ತಲೆ ಮೇಲೆ ಕಾಲು ಮಡಚಿ ಕೂತ ಡ್ರೈವರು, ಪಕ್ಕದಲ್ಲಿ ಒಂದು ಕಾಗೆ, ಇಬ್ಬರೂ ಒಂದೇ ಕಡೆ ನೋಡ್ತಿದಾರೆ. ಒಂದಕ್ಷರ ಇಲ್ಲ. ಫೋಟೋ ತೆಗೆದು ಪೋಳೆಂಗೆ ಅತ್ತೆ ಮಗನಿಗೆ ಕಳಿಸ್ದೆ, ಹಿಂದೇನೇ ಫೋನ್ ಮಾಡಿದ, ನಗು ನಿಲ್ಲಿಸೋಕೇ ಆಗ್ಲಿಲ್ಲ ಅವನಿಗೆ.