ಮನೆ ರೆಕಾರ್ಡಿಂಗ್‌ಗೆ ಸಿಪಿಯು ಒಳಗೆ ಸೌಂಡ್ ಕಾರ್ಡ್ ಹಾಕಿಸಲಾ, ಹೊರಗಿನ ಯುಎಸ್‌ಬಿ ಬಾಕ್ಸ್ ತಗೊಳ್ಳಲಾ?

ಹೊರಗಿನದನ್ನೇ ತಗೊಳ್ಳಿ. ಅದಕ್ಕೆ ಆಡಿಯೋ ಇಂಟರ್‌ಫೇಸ್ ಅಂತಾರೆ, ಮೈಕನ್ನು ಅದಕ್ಕೆ ಚುಚ್ಚಿ ಅದನ್ನು ಯುಎಸ್‌ಬಿ ವೈರಿನಿಂದ ಕಂಪ್ಯೂಟರಿಗೆ ಸೇರಿಸುವುದು.

ನೀವು ಗದಗಿನವರು, ಪೇಟಿ ನುಡಿಸುತ್ತ ವಚನ ಹಾಡುತ್ತೀರಿ, ಗೆಳೆಯರೊಬ್ಬರು ತಬಲಾಕ್ಕೆ ಕೂರುತ್ತಾರೆ, ಅದನ್ನು ಯೂಟ್ಯೂಬ್‌ಗೆ ಹಾಕಬೇಕು ಅಂತ ಬರೆದಿದ್ದೀರಿ. ಡೆಸ್ಕ್‌ಟಾಪ್ ಇದೆ. ಒಳಗೆ ಕಾರ್ಡ್ ಹಾಕಿಸಿದರೆ ಅರ್ಧ ದುಡ್ಡಲ್ಲಿ ಮುಗಿಯುತ್ತದೆ ಅಂತ ಅಂಗಡಿಯವರು ಹೇಳಿದ್ದಾರೆ. ನಾನು ಧಾರವಾಡದಲ್ಲಿ ನಮ್ಮ ಮನೆಯ ಒಂದು ಕೋಣೆಯಲ್ಲಿ ಹಾಡುವವರನ್ನು ರೆಕಾರ್ಡ್ ಮಾಡುತ್ತೇನೆ. ಆ ಅರ್ಧ ದುಡ್ಡಲ್ಲಿ ನಿಮ್ಮ ಕೆಲಸ ಮುಗಿಯುವುದಿಲ್ಲ.

ಮೊದಲು ಮೈಕ್ ನೋಡಿ. ಹಾಡುವುದಕ್ಕೆ ಕೊಳ್ಳುವ ಮೈಕಿನ ಬುಡದಲ್ಲಿ ಮೂರು ಪಿನ್ ಇರುತ್ತವೆ, ಎಕ್ಸ್‌ಎಲ್‌ಆರ್ ಅಂತಾರೆ. ಅದು ಕಂಡೆನ್ಸರ್ ಮೈಕ್ ಆಗಿದ್ದರೆ ಮೈಕಿನ ವೈರಿನಲ್ಲೇ 48 ವೋಲ್ಟ್ ಕೊಡಬೇಕು, ಅದಕ್ಕೆ ಫ್ಯಾಂಟಮ್ ಪವರ್ ಅಂತಾರೆ. ಅಂಗಡಿಯವರು ಹಾಕುವ ಕಾರ್ಡಿನ ಹಿಂದೆ ಇರುವುದು 3.5 ಮಿ.ಮೀ. ತೂತು. ಅದರಿಂದ ಬರುವುದು ಹೆಡ್‌ಸೆಟ್ ಮೈಕಿಗೆ ಸಾಕಾಗುವ ಕೆಲವೇ ವೋಲ್ಟ್. ಕನ್ವರ್ಟರ್ ಪಿನ್ ಸಿಗುತ್ತದೆ, ಚುಚ್ಚಲೂಬಹುದು, ಕಂಡೆನ್ಸರ್ ಮೈಕ್ ಮಾತ್ರ ಕೆಲಸ ಮಾಡುವುದಿಲ್ಲ. ಶ್ಯೂರ್ ಎಸ್‌ಎಂ58ನಂಥ ಡೈನಮಿಕ್ ಮೈಕಿಗೆ ಈ 48 ವೋಲ್ಟ್ ಬೇಡ. ಆದರೆ ಅದು ಕೊಡುವ ಸಿಗ್ನಲ್ ತೀರ ಸಣ್ಣದು. ಅದನ್ನು ಎತ್ತುವುದಕ್ಕೆ ಒಳ್ಳೆಯ ಪ್ರಿಆಂಪ್ ಬೇಕೇ ಬೇಕು. ಸೌಂಡ್ ಬ್ಲಾಸ್ಟರ್ ಥರದ ಕಾರ್ಡುಗಳು ಗೇಮ್, ಸಿನಿಮಾ ಕೇಳುವುದಕ್ಕೆ ಚಲೋ. ಅವನ್ನು ಮಾಡಿರುವುದೇ ಅದಕ್ಕೆ. ಅಂದರೆ ಕಾರ್ಡ್ ಹಾಕಿಸಿದ ಮೇಲೂ ನೀವು ಒಂದು ಮಿಕ್ಸರ್ ಕೊಳ್ಳಬೇಕು. ಎರಡೂ ಕೂಡಿಸಿದರೆ ಉಳಿತಾಯ ಎಲ್ಲಿ ಬಂತು, ಅಲ್ವಾ? ಹೊರಗಿನ ಬಾಕ್ಸಿನಲ್ಲಾದರೆ ಎಕ್ಸ್‌ಎಲ್‌ಆರ್ ತೂತು, 48 ವೋಲ್ಟ್, ಪ್ರಿಆಂಪ್ ಎಲ್ಲ ಒಟ್ಟಿಗೇ ಇರುತ್ತವೆ.

ಇದಕ್ಕಿಂತ ಜಾಸ್ತಿ ನನ್ನನ್ನು ಕಾಡುವುದು ಬೇಡದ ಸದ್ದು. ಸಿಪಿಯು ಡಬ್ಬಿಯೊಳಗೆ ಪವರ್ ಸಪ್ಲೈ, ಗ್ರಾಫಿಕ್ಸ್ ಕಾರ್ಡ್, ಫ್ಯಾನ್ ಎಲ್ಲ ಒತ್ತೊತ್ತಾಗಿ ಇರುತ್ತವೆ. ಅವುಗಳ ಕರೆಂಟಿನ ಗಲಾಟೆ ಪಕ್ಕದ ಕಾರ್ಡಿಗೆ ತಗಲುತ್ತದೆ. ಈಗಲೇ ಒಮ್ಮೆ ಪರೀಕ್ಷೆ ಮಾಡಿ ನೋಡ್ರಿ. ಈಗಿರುವ ತೂತಿಗೇ ಯಾವುದಾದರೂ ಹೆಡ್‌ಸೆಟ್ ಸಿಕ್ಕಿಸಿ, ಮೈಕ್ ಲೆವೆಲ್ ಪೂರ್ತಿ ಏರಿಸಿ, ಯಾರೂ ಮಾತಾಡದೆ ಅರ್ಧ ನಿಮಿಷ ರೆಕಾರ್ಡ್ ಮಾಡಿ. ಆ ಹೊತ್ತಲ್ಲಿ ಮೌಸ್ ಹಿಡಿದು ಯಾವುದಾದರೂ ಪೇಜನ್ನು ಮೇಲೆ ಕೆಳಗೆ ಸರಿಸುತ್ತಿರಿ. ಆಮೇಲೆ ಜೋರಾಗಿ ಕೇಳಿ. ಎಷ್ಟೋ ಡೆಸ್ಕ್‌ಟಾಪ್‌ಗಳಲ್ಲಿ ಪೇಜ್ ಸರಿದಾಗಲೆಲ್ಲ ಸಣ್ಣಗೆ ಜಿರ್ ಜಿರ್ ಅನ್ನುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ.

ಕರೋಕೆ ಟ್ರ್ಯಾಕ್ ಮೇಲೆ ಹಾಡುವವರಿಗೆ ಇದು ಮುಚ್ಚಿಹೋಗುತ್ತದೆ. ವಚನಕ್ಕೆ ಹಾಗಲ್ಲ. ಒಂದು ಸಾಲು ಮುಗಿಸಿ ನೀವು ಉಸಿರು ತಗೊಳ್ಳುವಾಗ ಪೇಟಿ, ತಬಲಾ ಎರಡೂ ತಡೆದರೆ ಹಿಂದೆ ಮೀಟುವ ತಂಬೂರಿ ಒಂದೇ ಉಳಿಯುತ್ತದೆ. ಜವಾರಿ, ಅಂದರೆ ಕುದುರೆಯ ಮೇಲೆ ತಂತಿ ಝೇಂಕರಿಸುವ ಹದ, ಸರಿಯಾಗಿ ಕೂತ ತಂಬೂರಿಯಲ್ಲಿ ಷಡ್ಜದ ತಂತಿಯಿಂದಲೇ ಗಾಂಧಾರ ಮೆಲ್ಲಗೆ ಏಳುತ್ತದೆ. ಅದನ್ನು ಯಾರೂ ಬೇರೆಯಾಗಿ ಮೀಟಿರುವುದಿಲ್ಲ. ರೆಕಾರ್ಡಿಂಗ್‌ನಲ್ಲಿ ಸ್ಸ್ ಅನ್ನುವ ಸದ್ದು ಇದ್ದರೆ ಮೊದಲು ಮುಳುಗುವುದು ಇದೇ. ಆಮೇಲೆ ನಾಯ್ಸ್ ರಿಡಕ್ಷನ್ ಹಾಕಿದರೆ ಸದ್ದಿನ ಜೊತೆಗೆ ಇದೂ ಒರಸಿಹೋಗುತ್ತದೆ. ಯೂಟ್ಯೂಬ್‌ಗೆ ಇಷ್ಟು ಯಾಕೆ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ವೀರೇಶ್ವರ ಪುಣ್ಯಾಶ್ರಮ ಇರುವ ಊರು ನಿಮ್ಮದು. ಅಲ್ಲಿ ಕಲಿತವರು ನಿಮ್ಮ ಹಾಡು ಕೇಳುತ್ತಾರೆ, ಅವರಿಗೆ ತಂಬೂರಿ ಕೇಳಿಸಲೇಬೇಕು.

ಬಾಕ್ಸ್ ಕೊಳ್ಳುವಾಗ ಎರಡು ಮೈಕ್ ಹಾಕುವಂಥದ್ದನ್ನೇ ಕೇಳಿ. ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2, ಮೋಟು ಎಂ2 ಎರಡೂ ಈ ಕೆಲಸಕ್ಕೆ ಸರಿ. ಸ್ಕಾರ್ಲೆಟ್ ಸೋಲೋಗೆ ಒಂದೇ ಮೈಕ್ ಹಾಕಬಹುದು, ತಬಲಾ ಇರುವವರಿಗೆ ಬೇಡ. ಒಂದು ಮೈಕ್ ನಿಮ್ಮ ಬಾಯಿಂದ ಒಂದು ಗೇಣು ದೂರ, ಪೇಟಿಯೂ ಅದರಲ್ಲೇ ಬರುತ್ತದೆ. ಇನ್ನೊಂದು ತಬಲಾದ ಎರಡೂ ಬಾಯಿಗಳ ನಡುವೆ, ಸ್ವಲ್ಪ ಮೇಲಿಂದ. ಆನ್‌ಲೈನ್‌ನಲ್ಲಿ ವಿ8 ಅಂತ ಬಣ್ಣ ಬಣ್ಣದ ಗುಂಡಿಗಳಿರುವ, ಚಪ್ಪಾಳೆ ಸದ್ದೆಲ್ಲ ಬರುವ ಸೌಂಡ್ ಕಾರ್ಡ್ ಕಾಣುತ್ತದೆ. ಅದೂ ಹೊರಗಿನದೇ, ಅಗ್ಗ ಕೂಡ. ಅದು ಮೊಬೈಲ್ ಲೈವ್‌ಗೆ ಮಾಡಿದ್ದು, ಅದಕ್ಕೆ ಸುಮ್ನೆ ದುಡ್ಡು ಹಾಕಬೇಡಿ.

ಒಳಗಿನ ಕಾರ್ಡ್ ಆದರೆ ಹಾಡುವಾಗ ಹೆಡ್‌ಫೋನ್‌ನಲ್ಲಿ ನಿಮ್ಮ ದನಿ ನಿಮಗೇ ತಡವಾಗಿ ಕೇಳುವುದಿಲ್ಲ ಅನ್ನುವ ಮಾತೂ ಬರುತ್ತದೆ. ಅದರಲ್ಲಿ ಸ್ವಲ್ಪ ನಿಜ ಇದೆ. ಸೆಕೆಂಡಿಗೆ 48,000 ಸ್ಯಾಂಪಲ್ ರೇಟ್‌ನಲ್ಲಿ ಬಫರ್, ಅಂದರೆ ಕಂಪ್ಯೂಟರ್ ಒಮ್ಮೆಗೆ ಹಿಡಿಯುವ ಸ್ಯಾಂಪಲ್‌ಗಳು, 256 ಇಟ್ಟರೆ ದನಿ ಕಂಪ್ಯೂಟರಿಗೆ ಹೋಗುವಾಗ ಸುಮಾರು 5 ಮಿಲಿಸೆಕೆಂಡ್, ಬರುವಾಗ ಅಷ್ಟೇ, ಮೇಲೆ ಯುಎಸ್‌ಬಿಯ ಚೂರು. 1024 ಇಟ್ಟರೆ ಒಂದು ದಿಕ್ಕಿಗೇ 21 ದಾಟುತ್ತದೆ, ಹಾಡುವವರಿಗೆ ಕಿರಿಕಿರಿ. ಆದರೆ ಈ ಬಾಕ್ಸ್‌ಗಳಲ್ಲಿ ಡೈರೆಕ್ಟ್ ಮಾನಿಟರ್ ಅಂತ ಸ್ವಿಚ್ ಇರುತ್ತದೆ. ಅದನ್ನು ಒತ್ತಿದರೆ ನಿಮ್ಮ ದನಿ ಕಂಪ್ಯೂಟರಿಗೆ ಹೋಗಿ ಬರುವ ಮೊದಲೇ ಹೆಡ್‌ಫೋನ್‌ಗೆ ಬಂದುಬಿಡುತ್ತದೆ. ಹಾಡುವವರಿಗೆ ಅಷ್ಟು ಸಾಕು. ಆರ್‌ಎಂಇ ಥರದ ಕಂಪನಿಗಳ, ಸಿಪಿಯು ಒಳಗೆ ಹಾಕುವ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡುಗಳು ಹತ್ತಾರು ಚಾನೆಲ್ ಒಟ್ಟಿಗೆ ಹಿಡಿಯುವ ದೊಡ್ಡ ಸ್ಟುಡಿಯೋಗಳಿಗೆ ಬೇಕು.

ಬಾಕ್ಸ್ ಬಂದ ಮೇಲೆ ಅದನ್ನು ಸಿಪಿಯು ಹಿಂದಿನ ಯುಎಸ್‌ಬಿಗೇ ನೇರ ಸಿಕ್ಕಿಸಿ, ಮಧ್ಯೆ ಹಬ್ ಬೇಡ. ದನಿಯ ತಡ ಕಡಿಮೆ ಮಾಡುವ ಆಸಿಯೋ ಡ್ರೈವರ್ ಅನ್ನುವ ಸಾಫ್ಟ್‌ವೇರನ್ನು ಬಾಕ್ಸ್ ಕಂಪನಿಯವರದ್ದೇ ಹಾಕಿ. 24 ಬಿಟ್ ಇಟ್ಟುಕೊಂಡು, ಜೋರಾಗಿ ಹಾಡಿದಾಗಲೂ ಮೀಟರ್ -12 ಡೆಸಿಬಲ್ ಆಸುಪಾಸಿನಲ್ಲಿ ಇರುವಷ್ಟೇ ಗೇನ್ (ಮೈಕಿನ ದನಿ ಏರಿಸುವ ಗುಂಡಿ) ಕೊಡಿ. ಕೋಣೆಯ ಫ್ಯಾನ್ ಬಂದ್ ಮಾಡಿ. ಮನೆಯಲ್ಲಿ ಕೌದಿ ಇದ್ದೇ ಇರುತ್ತದೆ, ಎರಡು ಮೂರು ನಿಮ್ಮ ಬೆನ್ನ ಹಿಂದೆ ತೂಗುಹಾಕಿ, ಗೋಡೆಯ ಮಾರ್ದನಿ ಇಳಿಯುತ್ತದೆ.

ಕೊಳ್ಳುವ ಮೊದಲು ಮನೆಯ ಅರ್ಥಿಂಗ್ ಒಮ್ಮೆ ನೋಡಿಸಿ. ಸಿಪಿಯುವಿನ ತಗಡು ಮುಟ್ಟಿದಾಗ ಯಾವಾಗಾದರೂ ಜುಮ್ ಅಂದಿದ್ದರೆ ಅರ್ಥ್ ಸರಿ ಇಲ್ಲ ಅಂತಲೇ ತಿಳಿಯಿರಿ, ಇನ್ನು ಮುಟ್ಟಿ ನೋಡಲು ಹೋಗಬೇಡಿ. ಅರ್ಥ್ ಸರಿ ಇಲ್ಲದಿದ್ದರೆ ಗುಂಯ್ ಅನ್ನುವ ಕರೆಂಟಿನ ಸದ್ದು ಯುಎಸ್‌ಬಿ ವೈರ್ ಹಿಡಿದು ಹೊರಗಿನ ಬಾಕ್ಸಿಗೂ ಬರುತ್ತದೆ, ಎಷ್ಟು ದುಬಾರಿಯದ್ದನ್ನು ತಂದರೂ ಅಷ್ಟೇ.