ಸಂಪಾದಕರ ಉತ್ತರ: ಅಜ್ಜನಮನೆ ಯಾವ ಸಮಾಸ?

"ಮಗಳು ಏಳನೆಯ ತರಗತಿ. ಕನ್ನಡದಲ್ಲಿ ಅಂಕಗಳಿಗೆ ಕೊರತೆಯಿಲ್ಲ. ಆದರೆ ಸ್ವಂತವಾಗಿ ನಾಲ್ಕು ಸಾಲು ಬರೆ ಎಂದರೆ ನಾಲ್ಕರಲ್ಲೂ ತಪ್ಪು. ಶಾಲೆಯಲ್ಲಿ ಕೇಳಿದರೆ, ವ್ಯಾಕರಣವನ್ನು ಈಗ ಬೇರೆಯಾಗಿ ಕಲಿಸುವುದಿಲ್ಲ, ಪಾಠದ ಜೊತೆಗೇ ಬರುತ್ತದೆ ಎನ್ನುತ್ತಾರೆ. ನಮ್ಮ ಅಜ್ಜ ಮುಲ್ಕಿ ಪರೀಕ್ಷೆ ಪಾಸು. ಅವರು ಬರೆದ ಕಾಗದದಲ್ಲಿ ಒಂದು ಒತ್ತಕ್ಷರ ತಪ್ಪಿರುತ್ತಿರಲಿಲ್ಲ. ಸಂಧಿ, ಸಮಾಸ, ವಿಭಕ್ತಿಗಳನ್ನು ಬಾಯಿಪಾಠ ಮಾಡಿಸುವ ಹಳೆಯ ಪದ್ಧತಿ ಮರಳಿ ಬರಲಿ ಎಂದು ನಿಮ್ಮ ಪತ್ರಿಕೆ ಯಾಕೆ ಬರೆಯಬಾರದು? ಒಳ್ಳೆಯ ವ್ಯಾಕರಣ ಪುಸ್ತಕ ಯಾವುದೆಂದೂ ತಿಳಿಸಿ. ಮಗಳು ಬರೆದದ್ದನ್ನು ಜೊತೆಗೆ ಇಟ್ಟಿದ್ದೇನೆ, ನೀವೇ ನೋಡಿ."
ಓದುಗರೊಬ್ಬರು, ಕುಮಟಾ

ನೋಡಿದೆ. ನಿಜ ಹೇಳಬೇಕೆಂದರೆ ನಿಮ್ಮ ಕಾಗದಕ್ಕಿಂತ ಮೊದಲು ಅದನ್ನೇ ಓದಿದೆ. ಅರ್ಧ ಪುಟದ ಬರಹ, ಅದರ ತುಂಬ ನಿಮ್ಮ ಕೆಂಪು ಗೆರೆ. ಮೊದಲ ಸಾಲು ಹೀಗಿದೆ: "ನಾವು ಅಜ್ಜನಮನೆಗೆ ಹೋಗಿ ಅಜ್ಜಿ ತೊಡೆದೇವು ಮಾಡಿದರು." ನೀವು ತೊಡೆದೇವು ಎಂಬ ಸಿಹಿತಿಂಡಿಯ ಹೆಸರಿನ ಕೆಳಗೆ ಗೆರೆ ಎಳೆದು 'ಗ್ರಾಂಥಿಕ ಪದವಲ್ಲ' ಎಂದು ಬರೆದಿದ್ದೀರಿ. ಅಂಚಿನಲ್ಲಿ 'ಅಜ್ಜನಮನೆ ಯಾವ ಸಮಾಸ? ಹೇಳಲು ಬರಲಿಲ್ಲ' ಎಂದು ಟಿಪ್ಪಣಿ ಬೇರೆ.

ಒಂದು ಮಾತು ಹೇಳಲೇ, ತಂಗಿ? ಆ ಸಾಲಿನಲ್ಲಿ ಒಂದು ತಪ್ಪಿರುವುದು ನಿಜ. ನಿಮ್ಮ ಕೆಂಪು ಶಾಯಿ ಅದನ್ನು ಮುಟ್ಟಿಲ್ಲ.

ಹೋದವರು 'ನಾವು', ಮಾಡಿದವರು 'ಅಜ್ಜಿ'. ಕನ್ನಡದಲ್ಲಿ ಹೋಗಿ, ಬಂದು, ಉಂಡು, ಮಲಗಿ ಎಂದು ಕ್ರಿಯೆಗಳನ್ನು ಪೋಣಿಸುತ್ತ ಹೋಗಬಹುದು, ಆದರೆ ಸಾಮಾನ್ಯವಾಗಿ ಅವೆಲ್ಲಕ್ಕೂ ಕರ್ತೃ ಒಬ್ಬನೇ ಇರಬೇಕು. ಇಲ್ಲಿ ಕರ್ತೃ ನಡುವೆ ಬದಲಾಗಿದೆ. 'ನಾವು ಹೋದಾಗ ಅಜ್ಜಿ ಮಾಡಿದರು' ಎಂದಿದ್ದರೆ ಮುಗಿಯಿತು. ಹಾಗಾದರೆ 'ಮಳೆ ಬಂದು ಹೊಳೆ ತುಂಬಿತು' ಎನ್ನುತ್ತೇವಲ್ಲ, ಅಲ್ಲಿ ಬಂದದ್ದು ಮಳೆ, ತುಂಬಿದ್ದು ಹೊಳೆ, ಅದು ಹೇಗೆ ಸರಿ? 'ಮಳೆ ಬಂದು ಅಜ್ಜಿ ತೊಡೆದೇವು ಮಾಡಿದರು' ಯಾಕೆ ಸರಿಯಲ್ಲ? ಈ ಪ್ರಶ್ನೆಯನ್ನು ಮಗಳ ಮುಂದಿಟ್ಟು ಸುಮ್ಮನೆ ಕೂತು ನೋಡಿ. ಮಳೆಯಿಂದಲೇ ಹೊಳೆ ತುಂಬಿತು, ಮಳೆಗೂ ಅಜ್ಜಿಗೂ ಅಂಥ ಸಂಬಂಧವಿಲ್ಲ ಎಂದು ಅವಳೇ ಹೇಳುತ್ತಾಳೆ. ಏಳನೆಯ ತರಗತಿಗೆ ಇದಕ್ಕಿಂತ ಒಳ್ಳೆಯ ವ್ಯಾಕರಣದ ಪಾಠ ನನಗೆ ಗೊತ್ತಿಲ್ಲ. ಅಜ್ಜನಮನೆ ತತ್ಪುರುಷ ಎಂದು ನೂರು ಸಲ ಒಪ್ಪಿಸಿದ್ದರೂ ಈ ಸಾಲು ತಿದ್ದಿಕೊಳ್ಳುತ್ತಿರಲಿಲ್ಲ.

ವ್ಯಾಕರಣವೇ ಬೇಡ ಎನ್ನುವ ಪಂಗಡ ನನ್ನದಲ್ಲ. ಸಂಧಿ ಗೊತ್ತಿದ್ದವನು ಹಳಗನ್ನಡ ಬಿಡಿಸಿ ಓದುತ್ತಾನೆ, ಅಲ್ಪಪ್ರಾಣ ಮಹಾಪ್ರಾಣ ತಿಳಿದವನು ನಿಘಂಟಿನಲ್ಲಿ ದಾರಿ ತಪ್ಪುವುದಿಲ್ಲ, ಒಪ್ಪಿದೆ. ಇಂಗ್ಲೆಂಡಿನ ಎಕ್ಸೆಟರಿನಲ್ಲಿ ನಡೆದ ಅಧ್ಯಯನವೂ ವ್ಯಾಕರಣವನ್ನು ಬರವಣಿಗೆಯ ಒಳಗೇ ತಂದು ಕಲಿಸಿದರೆ ಪ್ರಯೋಜನ ಉಂಟು ಎಂದಿದೆ. ಆದರೆ ಹೆಚ್ಚು ಪ್ರಯೋಜನ ಆದದ್ದು ಮೊದಲೇ ಚೆನ್ನಾಗಿ ಬರೆಯುತ್ತಿದ್ದ ಮಕ್ಕಳಿಗೆ. ಬೇರೆಯಾಗಿ, ಪಟ್ಟಿ ಕೊಟ್ಟು ಕಲಿಸುವ ವ್ಯಾಕರಣದ ಬಗ್ಗೆ ಅಮೆರಿಕದಲ್ಲಿ 1963ರಷ್ಟು ಹಿಂದೆಯೇ ಬ್ರಾಡಕ್ ಮತ್ತು ಸಂಗಡಿಗರು, ಅದರಿಂದ ಮಕ್ಕಳ ಬರವಣಿಗೆಗೆ ಆಗುವ ಲಾಭ ಏನೂ ಇಲ್ಲದಷ್ಟು, ಹಾನಿಯಾದರೂ ಆದೀತು ಎಂದು ಬರೆದರು. 2007ರಲ್ಲಿ ಗ್ರಹಾಂ ಮತ್ತು ಪೆರಿನ್ 4ರಿಂದ 12ನೆಯ ತರಗತಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿದಾಗಲೂ ಅಂಥ ವ್ಯಾಕರಣದ ಪಾಲಿಗೆ ಬಂದದ್ದು ಸೊನ್ನೆಗಿಂತ ಕೆಳಗಿನ ಅಂಕ. ಬಿಡಿ ವಾಕ್ಯಗಳನ್ನು ಕೊಟ್ಟು ಒಂದಾಗಿ ಕೂಡಿಸಿ ಬರೆಸುವುದು, ಓದಿದ್ದನ್ನು ಚಿಕ್ಕದಾಗಿ ಬರೆಸುವುದು, ಇವೆರಡಕ್ಕೂ ಒಳ್ಳೆಯ ಅಂಕವೇ ಸಿಕ್ಕಿತು. ಅದೆಲ್ಲ ಇಂಗ್ಲಿಷಿನ ಸಂಗತಿ, ಅಲ್ಲಿನ ಮಕ್ಕಳ ಸಂಗತಿ ಎಂದು ನೀವು ತಳ್ಳಿಹಾಕಬಹುದು. ಹಾಗಿದ್ದರೆ ನಮ್ಮ ಊರಿನದನ್ನೇ ಹೇಳುತ್ತೇನೆ.

ಅಂಕೋಲಾ ಕಡೆಯ ಕಡಲ ದಂಡೆಯ ಶಾಲೆಯೊಂದರಲ್ಲಿ ಕನ್ನಡ ಮಾಸ್ತರರೊಬ್ಬರಿದ್ದರು. ಅವರ ತರಗತಿಯಲ್ಲಿ ಹಲಗೆಯ ಮೇಲಿನದನ್ನು ಇಳಿಸಿಕೊಳ್ಳುವುದು ಬಿಟ್ಟರೆ ಬೇರೇನೂ ಬರೆಯದ ಹುಡುಗನೊಬ್ಬ. ಮನೆಮಾತು ಕೊಂಕಣಿ. ಮಾಸ್ತರರು ಪ್ರಬಂಧ ಬರೆ ಎನ್ನಲಿಲ್ಲ. "ರಂಪಣಿ ಬಲೆ ಎಳೆಯುವುದು ಹೇಗೆ? ನನಗೆ ಗೊತ್ತಿಲ್ಲ, ನೀ ಬರೆದು ತೋರಿಸು" ಎಂದರು. ಹುಡುಗ ಪುಟಗಟ್ಟಲೆ ಬರೆದ. ದೋಣಿ ಬಲೆ ಬಿಡುತ್ತ ಅರ್ಧ ಸುತ್ತು ಹಾಕಿ ದಂಡೆಗೆ ಬರುವುದು, ಹಗ್ಗದ ಎರಡು ತುದಿಗೂ ಜನ ನಿಲ್ಲುವುದು, ಒಂದು ಬದಿಯವರು ಜೋರಾಗಿ ಎಳೆದರೆ ಬಂಗಡೆ ಇನ್ನೊಂದು ಬದಿಯಿಂದ ಪಾರಾಗುವುದು, ಎಲ್ಲ. ತಪ್ಪು? ಎಣಿಸಲಾರದಷ್ಟು. ಮಾಸ್ತರರು ಅವತ್ತು ತಿದ್ದಿದ್ದು ಒಂದೇ ಬಗೆಯ ತಪ್ಪನ್ನು: ವಾಕ್ಯ ಎಲ್ಲಿ ಮುಗಿಯುತ್ತದೆ ಎಂಬುದನ್ನು. ಗಟ್ಟಿಯಾಗಿ ಓದಿಸಿದರು, ಉಸಿರು ಸಿಕ್ಕಿಕೊಂಡಲ್ಲಿ ನಿಲ್ಲಿಸಿದರು. ಉಳಿದ ಮಕ್ಕಳು "ಹಗ್ಗ ಹಿಡಿದವರು ಎಷ್ಟು ಜನ?" ಎಂದು ಕೇಳಿದಾಗ ಅವನು ಹೋಗಿ ಅದನ್ನೂ ಸೇರಿಸಿ ಬರೆದ. ಒತ್ತಕ್ಷರದ ಸರದಿ ಮುಂದಿನ ವಾರ ಬಂತು, ಲಿಂಗ ವಚನದ್ದು ಅದರ ಮುಂದಿನ ವಾರ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದು ಇನ್ನೂ ಮುಖ್ಯ. ಕಾರವಾರದ ಮಗು ಮನೆಯಲ್ಲಿ ಕೊಂಕಣಿ ಆಡುತ್ತದೆ, ಭಟ್ಕಳದ್ದು ನವಾಯತಿ, ಹಳಿಯಾಳದ್ದು ಮರಾಠಿಯೋ ಉರ್ದುವೋ. ಶಿರಸಿ ಸಿದ್ದಾಪುರದ ಹವ್ಯಕರ ಮನೆಯ ಮಗುವಿನದು ಕನ್ನಡವೇ ಆದರೂ ಪಠ್ಯಪುಸ್ತಕದ ಕನ್ನಡವಲ್ಲ, ಹಾಲಕ್ಕಿ ಒಕ್ಕಲಿಗರದು ಮತ್ತೊಂದೇ ಬಗೆ. ಇವರಿಗೆಲ್ಲ ಶಾಲೆಯ ಕನ್ನಡ ಕಿವಿಗೆ ಬೀಳುವುದು ಓದಿದರೆ ಮಾತ್ರ. ನಾವೋ ಪಂಚಮಿ ವಿಭಕ್ತಿಗೆ 'ಮರದ ದೆಸೆಯಿಂದ' ಎಂದು ಒಪ್ಪಿಸುತ್ತೇವೆ. ಕುಮಟೆಯ ಪೇಟೆಯಲ್ಲಿ ಯಾರಾದರೂ 'ಮರದ ದೆಸೆಯಿಂದ ಕಾಯಿ ಬಿತ್ತು' ಎಂದದ್ದನ್ನು ಕೇಳಿದ್ದೀರಾ? ಸಂಸ್ಕೃತದ ಏಳು ವಿಭಕ್ತಿಗಳ ಲೆಕ್ಕ ತುಂಬಿಸಲು ಇಟ್ಟುಕೊಂಡ ರೂಪ ಅದು. ಶಾಲೆಯ ವ್ಯಾಕರಣ ಸಂಸ್ಕೃತದ ಅಚ್ಚಿನಲ್ಲಿ ಎರಕ ಹೊಯ್ದದ್ದು ಎಂದು ಭಾಷಾಶಾಸ್ತ್ರಜ್ಞ ಡಿ.ಎನ್. ಶಂಕರ ಭಟ್ಟರು ಬರೆದು ಬರೆದು ದಣಿದರು. ಅವರ ಎಲ್ಲ ಮಾತೂ ನನಗೆ ಒಪ್ಪಿಗೆಯಲ್ಲ, ಅವರು ಹೇಳುವಂತೆ ಬರಹದಲ್ಲಿ ಮಹಾಪ್ರಾಣ ಬಿಡುವುದಂತೂ ನನ್ನಿಂದಾಗದು. ಆದರೆ ಈ ಮಾತಿಗೆ ಎದುರಾಡುವುದು ಕಷ್ಟ.

ಹಳೆಯ ಪದ್ಧತಿ ಎಂದಿರಿ. ಎಷ್ಟು ಹಳೆಯದು ಬೇಕು? ಹದಿಮೂರನೆಯ ಶತಮಾನದ ವ್ಯಾಕರಣಕಾರ ಕೇಶಿರಾಜ ತನ್ನ ಸೂತ್ರಗಳಿಗೆ ಕವಿಗಳ ಪದ್ಯದಿಂದ ಪ್ರಯೋಗ ಎತ್ತಿ ತೋರಿಸುತ್ತಾನೆ. ನಮ್ಮ ಭಟ್ಕಳ ಸೀಮೆಯ ಹಾಡುವಳ್ಳಿ ಮಠದ ಪರಂಪರೆಯ ಭಟ್ಟಾಕಳಂಕ 1604ರಲ್ಲಿ ಕನ್ನಡಕ್ಕೆ 592 ಸೂತ್ರಗಳ ವ್ಯಾಕರಣವನ್ನು ಸಂಸ್ಕೃತದಲ್ಲಿ ಬರೆದ. ಅವನೂ ಕನ್ನಡ ಕಾವ್ಯಗಳನ್ನು ಅರೆದು ಕುಡಿದವನೇ. ಇಬ್ಬರೂ ಮೊದಲು ಓದಿದರು, ಆಮೇಲೆ ಸೂತ್ರ ಕಟ್ಟಿದರು. ನಾವು ಮಕ್ಕಳಿಗೆ ಸೂತ್ರ ಮೊದಲು ಕೊಟ್ಟು ಓದುವುದನ್ನು ಬಿಡಿಸಿದ್ದೇವೆ.

ನಿಮ್ಮ ಅಜ್ಜನ ವಿಷಯಕ್ಕೆ ಬರುತ್ತೇನೆ. ಮುಂಬಯಿ ಇಲಾಖೆಯ ಕಾಲದ ಮುಲ್ಕಿ ಪರೀಕ್ಷೆಗೆ ನನಗೂ ಗೌರವವಿದೆ, ಪಾಸಾದವರು ಮಾಸ್ತರಿಕೆಗೆ ಅರ್ಹರಾಗುತ್ತಿದ್ದರು. ಆದರೆ ನಡುವೆಯೇ ಶಾಲೆ ಬಿಟ್ಟು ದನ ಕಾಯಲು ಹೋದವರ ಕಾಗದ ಯಾರ ಪೆಟ್ಟಿಗೆಯಲ್ಲೂ ಇಲ್ಲ, ಅವರು ಕಾಗದ ಬರೆಯಲೇ ಇಲ್ಲ. ನಿಮ್ಮ ಅಜ್ಜ ಸಂಜೆಯಾದರೆ ಜೈಮಿನಿ ಭಾರತ ಓದಿರಬೇಕು, ತಾಳಮದ್ದಳೆ ಕೇಳಿರಬೇಕು, ಊರವರ ಅರ್ಜಿ, ಕೋರ್ಟು ಕಾಗದ ಬರೆದುಕೊಟ್ಟಿರಬೇಕು. ಒತ್ತಕ್ಷರ ತಪ್ಪದಿದ್ದುದಕ್ಕೆ ಛಡಿ ಏಟಿಗಿಂತ ಆ ಬಳಕೆಯೇ ಕಾರಣ ಎಂಬುದು ನನ್ನ ವಾದ. ಬಂಕಿಕೊಡ್ಲದ ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡುತ್ತಲೇ ಗೌರೀಶ ಕಾಯ್ಕಿಣಿಯವರು ಪತ್ರಿಕೆಗಳಿಗೆ ಬರೆದದ್ದಕ್ಕೆ ಲೆಕ್ಕವಿಲ್ಲ. ಓದಿ ಬರೆಯುವ ಮಾಸ್ತರರ ಎದುರು ಕೂತವರಿಗೆ ಓದು ಬರಹ ಅಂಟಿಕೊಳ್ಳುತ್ತದೆ.

ಈಗ ಮಾಸ್ತರರಿಗೆ ಓದಲು ಬಿಡುವೆಲ್ಲಿದೆ? ಜನಗಣತಿ, ಮತದಾರರ ಪಟ್ಟಿ, ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ರೂಪಣಾತ್ಮಕ ಮೌಲ್ಯಮಾಪನದ ಎಫ್‌ಎ ಒಂದು, ಎಫ್‌ಎ ಎರಡು, ಅದರ ಅಂಕ ಮತ್ತೆ ಕಂಪ್ಯೂಟರಿಗೆ. ಗ್ರಾಮೀಣ ಕರ್ನಾಟಕದ ಐದನೆಯ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಎರಡನೆಯ ತರಗತಿಯ ಪಾಠ ಓದಲು ಬರುವುದಿಲ್ಲ ಎಂದು 'ಅಸರ್' ಸಮೀಕ್ಷೆ 2018ರಲ್ಲೂ ಹೇಳಿತು, 2022ರಲ್ಲೂ ಹೇಳಿತು. ಆ ಮಕ್ಕಳೇ ಎರಡು ವರ್ಷದಲ್ಲಿ ಏಳನೆಯ ತರಗತಿಗೆ ಬಂದು ಕೂರುತ್ತಾರೆ, ನಾವು ಅವರಿಗೆ ಬಹುವ್ರೀಹಿ ಹೇಳಿಕೊಡಲು ಹೊರಡುತ್ತೇವೆ. ಪರೀಕ್ಷೆಯ ಕತೆ ಕೇಳಲೇಬೇಡಿ. ಗಾದೆ ಯಾವುದೇ ಇರಲಿ, ವಿಸ್ತರಣೆ ಶುರುವಾಗುವುದು 'ವೇದ ಸುಳ್ಳಾದರೂ ಗಾದೆ ಸುಳ್ಳಾಗದು' ಎಂದೇ. ರಜೆ ಬೇಡುವ ಪತ್ರವಿರಲಿ, ಬಸ್ಸು ಬೇಡುವ ಪತ್ರವಿರಲಿ, 'ಈ ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ.' ಗೈಡಿನ ವಾಕ್ಯಕ್ಕೆ ಪೂರ್ತಿ ಅಂಕ, ಸ್ವಂತ ವಾಕ್ಯಕ್ಕೆ ಕೆಂಪು ಗೆರೆ. ಮಕ್ಕಳು ದಡ್ಡರಲ್ಲ, ಯಾವುದು ಲಾಭ ಎಂದು ಅವರಿಗೆ ತಿಳಿಯುತ್ತದೆ. ನಿಮ್ಮ ಮಗಳಿಗೆ ಅಂಕ ಬಂದೂ ಬರೆಯಲು ಬಾರದಿರುವುದರ ಗುಟ್ಟು ಇಷ್ಟೇ. ಈ ಗೈಡಿನ ಕನ್ನಡವೇ ದೊಡ್ಡದಾಗಿ ಸರಕಾರಿ ಸುತ್ತೋಲೆಯಾಗುತ್ತದೆ, ಭಾಷಣವಾಗುತ್ತದೆ, ನನ್ನ ಮೇಜಿಗೆ ಬರುವ ಲೇಖನವೂ ಆಗುತ್ತದೆ.

ಪುಸ್ತಕದ ಹೆಸರು ಕೇಳಿದ್ದೀರಿ. ತೀ.ನಂ. ಶ್ರೀಕಂಠಯ್ಯನವರ 'ಕನ್ನಡ ಮಧ್ಯಮ ವ್ಯಾಕರಣ' ತರಿಸಿಕೊಳ್ಳಿ, ಅದಕ್ಕಿಂತ ಅಚ್ಚುಕಟ್ಟಾದದ್ದು ಸಿಗಲಾರದು. ಅದು ನಿಮ್ಮ ಕೈಯಲ್ಲಿರಲಿ, ಮಗಳು ಬರೆದುದರಲ್ಲಿ ಏನೋ ಸರಿಯಿಲ್ಲ ಅನ್ನಿಸಿದಾಗ ನೀವು ತೆರೆದು ನೋಡಲಿಕ್ಕೆ. ಅವಳಿಗೆ ನಿಮ್ಮ ಗ್ರಾಮ ಪಂಚಾಯ್ತಿಯ ಗ್ರಂಥಾಲಯದಲ್ಲಿ ಹೆಸರು ಹಚ್ಚಿಸಿ. 'ಓದುವ ಬೆಳಕು' ಎಂಬ ಯೋಜನೆಯಲ್ಲಿ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಹೋದಾಗ ಬಾಗಿಲಿಗೆ ಬೀಗವಿದ್ದರೆ ಅದನ್ನೇ ಒಂದು ಕಾಗದವಾಗಿ ನಮಗೆ ಬರೆದು ಕಳಿಸಲಿ. ನೀವು ತಿದ್ದಬೇಡಿ. ವಿಷಯ, ಉಲ್ಲೇಖ, ವಿನಂತಿ ಯಾವುದೂ ಬೇಡ. ಬೀಗ ಎಷ್ಟು ತುಕ್ಕು ಹಿಡಿದಿತ್ತು ಎಂಬುದನ್ನು ಬರೆದಿದ್ದರೆ ಸಾಕು, ಮುಂದಿನ ಸಂಚಿಕೆಯಲ್ಲಿ ಅಚ್ಚುಹಾಕುತ್ತೇವೆ.

ಸಂ.