ಕಾಲರಿನ ಮೇಲಿನ ವಜ್ರ: ಸಾಗರದ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಅಮೆರಿಕದ ಸೇನೆ ಸೇರಿರುವ ನಿಮ್ಮ ಅಣ್ಣನ ಮಗಳ ಫೋಟೊ ಕಳಿಸಿ, ಕಾಲರಿನ ಮೇಲಿರುವ ವಜ್ರಾಕಾರದ ಗುರುತು ಯಾವುದೆಂದು ಕೇಳಿದ್ದೀರಿ. ಮದುವೆ ಮನೆಯಲ್ಲಿ ಯಾರೋ "ಅದು ಬಟವಾಡೆ ಇಲಾಖೆ, ಅವರನ್ನೆಲ್ಲ ಸೈನಿಕರು ಅನ್ನೋಕಾಗಲ್ಲ" ಎಂದದ್ದು ನಿಮ್ಮನ್ನು ನೋಯಿಸಿದೆ. ಆ ಮಾತು ತಪ್ಪು.

ಗುರುತು ಅಮೆರಿಕ ಸೇನೆಯಲ್ಲಿ ಸಂಬಳ, ಹಣಕಾಸು ನೋಡಿಕೊಳ್ಳುವ ಫೈನಾನ್ಸ್ ಕೋರ್‌ನದು. ಇಸ್ಪೀಟಿನ ಡೈಮಂಡನ್ನು ಅಡ್ಡ ಮಲಗಿಸಿದ ಹಾಗಿರುವ ಈ ಚಿನ್ನದ ಬಣ್ಣದ ವಜ್ರವನ್ನು 1896ರಲ್ಲಿ ಆಗಿನ ಪೇ ಡಿಪಾರ್ಟ್‌ಮೆಂಟಿಗೆ ಕೊಟ್ಟರು. 1912ರಲ್ಲಿ ಆ ಇಲಾಖೆ ಸೇನೆಗೆ ಸಾಮಗ್ರಿ ಪೂರೈಸುವ ಕ್ವಾರ್ಟರ್‌ಮಾಸ್ಟರ್ ಕೋರ್‌ನಲ್ಲಿ ಸೇರಿಹೋಯಿತು. 1920ರಲ್ಲಿ ಫೈನಾನ್ಸ್ ಡಿಪಾರ್ಟ್‌ಮೆಂಟ್ ಎಂದು ಮತ್ತೆ ಬೇರೆಯಾಯಿತು, 1950ರಲ್ಲಿ ಈಗಿನ ಹೆಸರು ಬಂತು. ಇಷ್ಟೆಲ್ಲ ಆದರೂ ವಜ್ರ ಮಾತ್ರ ಹಾಗೇ ಉಳಿಯಿತು. ನಿಮ್ಮ ಫೋಟೊದಲ್ಲಿ ವಜ್ರ ದುಂಡು ಬಿಲ್ಲೆಯ ಮೇಲೆ ಕೂತಿದೆ. ಅಂದರೆ ಆಕೆ ಅಧಿಕಾರಿಯಲ್ಲ, ಎನ್‌ಲಿಸ್ಟೆಡ್ ಸೈನಿಕಳು. ಅಧಿಕಾರಿಗಳದ್ದು ಬಿಲ್ಲೆಯಿಲ್ಲದ ಬರಿಯ ವಜ್ರ. ತೋಳಿನ ಪಟ್ಟಿಗಳ ನಡುವೆ ವಜ್ರ ಕಂಡರೆ ಅದು ಬೇರೆ, ಫಸ್ಟ್ ಸಾರ್ಜೆಂಟ್ ಹುದ್ದೆಯ ಗುರುತು.

ಈ ಕೆಲಸ ಆ ದೇಶಕ್ಕಿಂತ ಹಳೆಯದು. ಸ್ವಾತಂತ್ರ್ಯ ಘೋಷಣೆಗೆ ಒಂದು ವರ್ಷ ಮೊದಲೇ, 1775ರ ಜೂನ್‌ನಲ್ಲಿ, ಸೇನೆಯ ಸಂಬಳ ಹಂಚಲು ಒಬ್ಬ ಪೇಮಾಸ್ಟರ್ ಜನರಲ್ ಬೇಕೆಂದು ಅವರ ಪ್ರತಿನಿಧಿಗಳ ಸಭೆಯಾದ ಕಾಂಗ್ರೆಸ್ ನಿರ್ಣಯಿಸಿತು. ಹಣ ಹೊಂದಿಸುವುದು ಮಾತ್ರ ಆಗಲಿಲ್ಲ. ಕಾಂಗ್ರೆಸ್ ಅಚ್ಚು ಹಾಕಿದ ನೋಟಿಗೆ ಬೆಲೆಯೇ ಇಲ್ಲವಾಗಿ, 1781ರ ಜನವರಿಯಲ್ಲಿ ಪೆನ್ಸಿಲ್ವೇನಿಯಾದ ಪಡೆಗಳು ದಂಗೆಯೆದ್ದವು. ಅದೇ ವರ್ಷ ಯಾರ್ಕ್‌ಟೌನ್ ಕಡೆಗೆ ಹೊರಟ ವಾಷಿಂಗ್ಟನ್ನರ ಸೈನಿಕರು ನಾಣ್ಯ ಕೊಡಿ ಎಂದು ಪಟ್ಟು ಹಿಡಿದರು. ಫ್ರೆಂಚರಿಂದ ಸಾಲ ತಂದ ಬೆಳ್ಳಿಯಲ್ಲಿ ಸೆಪ್ಟೆಂಬರ್‌ನಲ್ಲಿ ಹೆಡ್ ಆಫ್ ಎಲ್ಕ್ ಎಂಬಲ್ಲಿ ಒಂದು ತಿಂಗಳ ಸಂಬಳ ಬಟವಾಡೆಯಾಯಿತು. ಮರುತಿಂಗಳು ಯಾರ್ಕ್‌ಟೌನಿನಲ್ಲಿ ಬ್ರಿಟಿಷ್ ಸೇನೆ ಶರಣಾಯಿತು. ಗೆಲುವಿಗೆ ಆ ಬೆಳ್ಳಿಯೊಂದೇ ಕಾರಣವೆನ್ನಲಾರೆ. ಆದರೆ ಯುದ್ಧದ ಕಥೆ ಹೇಳುವಾಗ ಅದನ್ನು ಬಿಡುವುದು ಅನ್ಯಾಯ.

ಸಂಬಳ ಹೊತ್ತು ಹೋಗುವುದೂ ಸುಖದ ಕೆಲಸವಾಗಿರಲಿಲ್ಲ. 1889ರ ಮೇ 11ರಂದು ಅರಿಜೋನಾದ ಫೋರ್ಟ್ ಗ್ರಾಂಟ್‌ನಿಂದ ಫೋರ್ಟ್ ಥಾಮಸ್ ಕಡೆಗೆ ಪೇಮಾಸ್ಟರ್ ಮೇಜರ್ ಜೋಸೆಫ್ ವ್ಹಾಮ್ ಗಾಡಿಯಲ್ಲಿ ಹೊರಟಿದ್ದರು. ಪೆಟ್ಟಿಗೆಯಲ್ಲಿ 28 ಸಾವಿರ ಡಾಲರಿಗೂ ಹೆಚ್ಚಿನ ಚಿನ್ನ, ಬೆಳ್ಳಿ ನಾಣ್ಯ. ದಾರಿಗಡ್ಡ ಬಂಡೆಯೊಂದು ಬಿದ್ದಿತ್ತು. ಕಾವಲಿನ ಕಪ್ಪು ಸೈನಿಕರು ಅದನ್ನು ಸರಿಸಲು ಹೋದಾಗ ಮೇಲಿನ ದಿಣ್ಣೆಯಿಂದ ಗುಂಡಿನ ಮಳೆ. ಎಂಟು ಮಂದಿ ಗಾಯಗೊಂಡರು. ಎರಡೂ ಕಾಲಿಗೆ ಗುಂಡು ಬಿದ್ದ ಕಾರ್ಪೊರಲ್ ಐಸಾಯ ಮೇಸ್ ನಡೆದು, ತೆವಳಿ, ಎರಡು ಮೈಲಿ ಆಚೆಯ ರ್‍ಯಾಂಚ್ ಮುಟ್ಟಿ ಸುದ್ದಿ ತಲುಪಿಸಿದರು. ಅವರಿಗೂ ಸಾರ್ಜೆಂಟ್ ಬೆಂಜಮಿನ್ ಬ್ರೌನ್‌ಗೂ ಅಮೆರಿಕದ ಅತ್ಯುನ್ನತ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಸಿಕ್ಕಿತು. ಹಣ ದೋಚಿದ ಆರೋಪ ಹೊತ್ತವರು ಖುಲಾಸೆಯಾದರು. ಕಾವಲಿನವರು ಬೇರೆ ರೆಜಿಮೆಂಟುಗಳವರು, ನಿಜ. ಆದರೆ ಪೇಮಾಸ್ಟರುಗಳು ಓಡಾಡುತ್ತಿದ್ದದ್ದು ಇಂಥ ದಾರಿಗಳಲ್ಲೇ.

ಮದುವೆ ಮನೆಯ ಮಾತು ನಮ್ಮ ದೇಶದ ವ್ಯವಸ್ಥೆ ನೋಡಿ ಬಂದಿರಬಹುದು. ಭಾರತೀಯ ಸೇನೆಯ ಸಂಬಳ, ಪಿಂಚಣಿಗಳ ಲೆಕ್ಕ ನೋಡುವುದು ರಕ್ಷಣಾ ಲೆಕ್ಕಪತ್ರ ಇಲಾಖೆ. ಅಲ್ಲಿರುವವರು ಸಮವಸ್ತ್ರವಿಲ್ಲದ ನಾಗರಿಕ ನೌಕರರು. ಅಮೆರಿಕದಲ್ಲಿ ಹಾಗಲ್ಲ. ನಿಮ್ಮ ಅಣ್ಣನ ಮಗಳು ಉಳಿದವರಂತೆಯೇ ಬಂದೂಕಿನ ತರಬೇತಿ ಮುಗಿಸಿಯೇ ಆ ಬಿಲ್ಲೆ ಧರಿಸಿದ್ದಾಳೆ. ಅವಳಿಗೆ ನಮ್ಮ ಅಭಿನಂದನೆ ತಿಳಿಸಿ.

— ಸಂಪಾದಕ